ಚೆಪಾಕ್ ಇಡ್ಲಿ, ಚಿನ್ನಸ್ವಾಮಿ ದೋಸೆ

ಹಾಸನದ ಹೆಸರು ಹೊತ್ತ ಕ್ರಿಕೆಟ್ ತಂಡ ಯಾವ ದೊಡ್ಡ ಟೂರ್ನಿಯಲ್ಲೂ ಇಲ್ಲ. ಐಪಿಎಲ್ ಬಿಡಿ, ನಮ್ಮ ರಾಜ್ಯದ್ದೇ ಆದ ಮಹಾರಾಜ ಟ್ರೋಫಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ ಎಲ್ಲ ಇವೆ, ನಾವಿಲ್ಲ. ಜಾವಗಲ್ ಶ್ರೀನಾಥ್ ಹೆಸರಲ್ಲಿರುವ ಜಾವಗಲ್ ನಮ್ಮ ಅರಸೀಕೆರೆ ತಾಲೂಕಿನ ಊರು ಅಂತ ಹೇಳಿಕೊಂಡು ಸಮಾಧಾನ ಪಡುತ್ತೇವೆ. ಹಾಗಾಗಿ ಬೇಸಿಗೆ ಬಂತು ಅಂದ್ರೆ ಊರಿಗೆ ಊರೇ ಆರ್‌ಸಿಬಿ. ಮನೆಗೊಬ್ಬರು ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ, ಇನ್ನೇನು ಮಾಡೋದು. ಆದರೆ ಧೋನಿ ಸಲುವಾಗಿ ಚೆನ್ನೈ ತಂಡದ ಹಳದಿ ಹಾಕುವವರೂ ಇದ್ದಾರೆ. ಸಂಖ್ಯೆ ಕಡಿಮೆ, ಗಂಟಲು ಜೋರು.

ಚಿಕ್ಕಪ್ಪನ ಹೋಟೆಲ್ ಅಡುಗೆಮನೆಯಲ್ಲಿ ಈ ಎರಡೂ ಪಕ್ಷದವರಿದ್ದಾರೆ. ಹೋಟೆಲ್ ಇರುವುದು ಬಿ.ಎಂ. ರಸ್ತೆ ಬದಿಯಲ್ಲಿ. ನಾನು ಸಂಜೆ ಹೊತ್ತು ಹೋಗಿ ಲೆಕ್ಕ ಬರೆದುಕೊಡುತ್ತೇನೆ. ಗಿರಾಕಿ ಇಲ್ಲದಾಗ ಅಡುಗೆಮನೆ ಬಾಗಿಲಿಗೆ ಒರಗಿ ನಿಂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಅಲ್ಲಿ ಇಬ್ಬರು ಹಿರಿಯರು. ಒಬ್ಬರು ಭಟ್ರು. ಕುಂದಾಪುರದ ಕಡೆಯವರು, ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿಗೆ ಹೋಗಿ, ಲೋಟ ತೊಳೆಯುವುದರಿಂದ ಶುರು ಮಾಡಿ ಕಾವಲಿವರೆಗೆ ಬಂದವರು. ಇನ್ನೊಬ್ಬರು ಮಾಸ್ಟರ್. ಊರು ಚನ್ನರಾಯಪಟ್ಟಣದ ಹತ್ತಿರ. ಆದರೆ ದುಡಿದದ್ದೆಲ್ಲ ಚೆನ್ನೈನ ಟ್ರಿಪ್ಲಿಕೇನ್‌ನಲ್ಲಿ, ಚೆಪಾಕ್ ಕ್ರೀಡಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿ. ಇಡ್ಲಿ, ಸಾಂಬಾರ್ ಅವರ ಪಾಲು. ದೋಸೆ, ಪಲ್ಯ ಭಟ್ರ ಪಾಲು. ಚಿಕ್ಕಪ್ಪ ಇಬ್ಬರಿಗೂ ಸಾವ್ಕಾರ್ರು, ಆದರೆ ಒಲೆ ಹತ್ತಿರ ಅವರ ಮಾತು ನಡೆಯೋದಿಲ್ಲ.

ಕೆಲವು ವರ್ಷದ ಹಿಂದೆ ಇವರಿಬ್ಬರ ನಡುವೆ ಒಂದು ಪಂಥ ಹುಟ್ಟಿತು. ಬೆಂಗಳೂರು-ಚೆನ್ನೈ ಪಂದ್ಯದಲ್ಲಿ ಯಾರ ತಂಡ ಸೋಲುತ್ತೋ ಅವರು ಮರುದಿನ ಗೆದ್ದವರ ಊರಿನ ತಿಂಡಿ ಮಾಡಿ ಕೆಲಸದವರಿಗೆಲ್ಲ ಹಾಕಬೇಕು. ದುಡ್ಡಿನ ಪಂಥಕ್ಕಿಂತ ಇದು ಕಷ್ಟದ್ದು. ಸೋತ ಬೇಜಾರು ಒಂದು, ಎದುರು ಪಕ್ಷದವರ ರುಚಿಯನ್ನು ಅವರ ಕಣ್ಣೆದುರೇ ಸರಿಯಾಗಿ ಮಾಡಿ ತೋರಿಸಬೇಕಾದ ಸಂಕಟ ಇನ್ನೊಂದು.

ಟೇಬಲ್ ಕಡೆ ನಡೆಯುವ ವಾದ ನಿಮಗೆ ಗೊತ್ತೇ ಇದೆ. 'ಬೆಂಗಳೂರು ಸಾಂಬಾರಾ? ಅದು ಪಾಯಸ.' 'ಚೆನ್ನೈ ದೋಸೆನಾ? ಅದು ಪೇಪರ್.' ಫೋನ್ ಹಿಡಿದು ಇಷ್ಟನ್ನೇ ತಿರುಗಿಸಿ ಮುರುಗಿಸಿ ಬೈದುಕೊಳ್ಳುವ ಜನ ಎಲ್ಲ ಕಡೆ ಇದ್ದಾರೆ. ಅಡುಗೆಮನೆಯವರ ಜಗಳ ಇದಲ್ಲ. ಯಾವುದು ಮೇಲು ಅನ್ನೋ ಪ್ರಶ್ನೆ ಅಲ್ಲಿ ಎರಡು ನಿಮಿಷಕ್ಕೆ ಮುಗಿದುಹೋಗುತ್ತೆ. ಆಮೇಲೆ ಶುರುವಾಗೋದು, ಅವರು ಯಾಕೆ ಹಾಗೆ ಮಾಡ್ತಾರೆ ಅನ್ನೋದು. ಕೇಳಬೇಕಾದ್ದು ಅದು.

2024ರ ಮಾರ್ಚ್ 22ರಂದು ಚೆಪಾಕ್‌ನಲ್ಲಿ ಆ ವರ್ಷದ ಮೊದಲ ಪಂದ್ಯವನ್ನೇ ಚೆನ್ನೈ ಗೆದ್ದಿತು. ಮರುದಿನ ಭಟ್ರು ಚೆನ್ನೈ ಸಾಂಬಾರ್ ಮಾಡಲು ನಿಂತರು. ತೊಗರಿಬೇಳೆ ಬೆಂದಿತ್ತು. ಸಾಂಬಾರ್ ಈರುಳ್ಳಿ ಎಳ್ಳೆಣ್ಣೆಯಲ್ಲಿ ಬಾಡಿತ್ತು. ಹುಣಸೆ ರಸ, ಸಾಂಬಾರ್ ಪುಡಿ, ಇಂಗು ಎಲ್ಲ ಲೆಕ್ಕದ ಪ್ರಕಾರ ಬಿತ್ತು. ಕುದಿ ಬರುವ ಹೊತ್ತಿಗೆ ಭಟ್ರ ಎಡಗೈ ತಾನಾಗಿಯೇ ಬೆಲ್ಲದ ಡಬ್ಬಿ ಕಡೆ ಹೋಯಿತು. ಮುಚ್ಚಳ ತೆಗೆದೂ ಆಗಿತ್ತು.

"ಭಟ್ರೆ, ಕೈ ಹಿಂದೆ ತಗೊಳ್ಳಿ" ಅಂದರು ಮಾಸ್ಟರ್.

"ಹ್ವಾಯ್, ಒಂದು ಚೂರು ಮಾರಾಯ್ರೆ. ಇಲ್ದಿದ್ರೆ ಹುಳಿ ಹಲ್ಲಿಗೆ ಹೊಡೀತದೆ."

"ಹೊಡೀಲಿ. ಸೋತಿರೋದು ನೀವು."

ಬೆಲ್ಲ ಬೀಳಲಿಲ್ಲ. ಆದರೆ ಬೆಲ್ಲದ ಮಾತು ವಾರವಿಡೀ ನಡೆಯಿತು. ಭಟ್ರು ಹೇಳುವ ಕಾರಣ ಇದು: ಕರಾವಳಿಯ ಮಠ, ದೇವಸ್ಥಾನದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಈರುಳ್ಳಿ ಕೊಡುವ ಸಿಹಿ ಇಲ್ಲ ಅಂದಮೇಲೆ ಹುಳಿ ಖಾರ ಎರಡನ್ನೂ ಹಿಡಿದು ನಿಲ್ಲಿಸಲು ಬೆಲ್ಲ ಬೇಕು, ತೆಂಗಿನಕಾಯಿ ಬೇಕು, ಬಣ್ಣ ಜಾಸ್ತಿ ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ಬೇಕು. ಆ ಕೈಗಳೇ ಬೆಂಗಳೂರಿನ ಹೋಟೆಲ್‌ಗಳಿಗೆ ಬಂದವು. ಈರುಳ್ಳಿ ಆಮೇಲೆ ಸೇರಿಕೊಂಡಿತು, ಬೆಲ್ಲ ಹೊರಗೆ ಹೋಗಲಿಲ್ಲ.

ಮಾಸ್ಟರ್ ಹೇಳುವ ಕಾರಣ ಬೇರೆ, ನನಗೆ ಅದೇ ಹೆಚ್ಚು ಹಿಡಿಸಿತು. ಅವರ ಪ್ರಕಾರ ರುಚಿ ತೀರ್ಮಾನ ಮಾಡೋದು ಬಡಿಸುವ ರೀತಿ. ಚೆನ್ನೈ ಹೋಟೆಲ್‌ನಲ್ಲಿ ಕೂತು ತಿನ್ನುತ್ತಾರೆ. ಬಡಿಸುವವನು ಸಾಂಬಾರ್ ಬಕೆಟ್ ಹಿಡಿದು ಸುತ್ತುತ್ತಲೇ ಇರುತ್ತಾನೆ. ಎರಡು ಇಡ್ಲಿಗೆ ಮೂರು ಸಲ ಸಾಂಬಾರ್ ಬೀಳುತ್ತೆ. 1948ರಿಂದ ಟ್ರಿಪ್ಲಿಕೇನ್‌ನಲ್ಲಿರುವ ರತ್ನ ಕೆಫೆಯಲ್ಲಂತೂ ಇಡ್ಲಿ ಮುಳುಗುವಷ್ಟು ಸುರಿಯುತ್ತಾರೆ, ಜನ ಹೋಗೋದೇ ಅದಕ್ಕೆ. ಅಷ್ಟೊಂದು ಹೊಟ್ಟೆಗೆ ಹೋಗಬೇಕಾದ ಸಾಂಬಾರ್ ಸಿಹಿ ಇದ್ದರೆ ಎರಡನೇ ಸೌಟಿಗೇ ಸಾಕು ಅನಿಸುತ್ತೆ. ಅದಕ್ಕೇ ತೆಳ್ಳಗೆ, ಹುಳಿಗೆ, ಬೆಲ್ಲ ಇಲ್ಲದೆ.

ಬೆಂಗಳೂರಿನಲ್ಲಿ ನಿಂತು ತಿನ್ನುತ್ತಾರೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರೆಲ್ಲ ಆ ಪದ್ಧತಿ ಹಬ್ಬಿತು. ಟೋಕನ್ ತಗೋ, ತಟ್ಟೆ ತಗೋ, ಎತ್ತರದ ಟೇಬಲ್ ಹತ್ತಿರ ನಿಂತು ತಿನ್ನು, ಹೊರಡು. ಬಕೆಟ್ ಹಿಡಿದು ಬರುವವರು ಯಾರೂ ಇಲ್ಲ. ಕೌಂಟರಿನಲ್ಲಿ ಕೇಳೋದು ಒಂದೇ ಪ್ರಶ್ನೆ: ಡಿಪ್ಪಾ, ಸಪರೇಟಾ? ಡಿಪ್ ಅಂದ್ರೆ ಇಡ್ಲಿ ವಡೆ ಮೇಲೆ ಒಂದೇ ಸಲ ಸಾಂಬಾರ್, ಸಪರೇಟ್ ಅಂದ್ರೆ ಒಂದು ಬಟ್ಟಲು. ಸಿಗುವುದೇ ಒಂದು ಸೌಟು, ಅದರಲ್ಲೇ ಎಲ್ಲ ರುಚಿ ಬರಬೇಕು. ಹಾಗಾಗಿ ಗಟ್ಟಿ, ಹಾಗಾಗಿ ಸಿಹಿ. ಭಟ್ರ ಮಠದ ಕತೆ ಬೆಲ್ಲ ಎಲ್ಲಿಂದ ಬಂತು ಅಂತ ಹೇಳುತ್ತೆ. ಮಾಸ್ಟರ್ ಕತೆ ಅದು ಯಾಕೆ ಉಳೀತು ಅಂತ ಹೇಳುತ್ತೆ. ನನಗನಿಸಿದ ಮಟ್ಟಿಗೆ ಇಬ್ಬರೂ ಸರಿ. ಆದರೆ ಇದನ್ನು ಅವರೆದುರು ಹೇಳಿದರೆ ಇಬ್ಬರಿಗೂ ಸಿಟ್ಟು.

ಅಂದಹಾಗೆ, ರತ್ನ ಕೆಫೆ ಕಟ್ಟಿದ್ದು ಉತ್ತರ ಭಾರತದಿಂದ ಬಂದ ಕುಟುಂಬ. ಚೆನ್ನೈ ಸಾಂಬಾರ್ ಅಂತ ಎದೆ ತಟ್ಟಿಕೊಳ್ಳುವವರಿಗೆ ಇದನ್ನು ಹೇಳಿ ನೋಡಿ, ಮಜಾ ಇರುತ್ತೆ.

ಇಡ್ಲಿ ವಿಷಯಕ್ಕೆ ಬಂದರೆ ನಾನು ಮಾಸ್ಟರ್ ಪಕ್ಷ. ಚೆನ್ನೈ ಇಡ್ಲಿಗೆ ಅಕ್ಕಿ ಕುಸುಬಲಕ್ಕಿ. ಉದ್ದು ಬೇರೆ, ಅಕ್ಕಿ ಬೇರೆ ನೆನೆಸಿ ನುಣ್ಣಗೆ ರುಬ್ಬುತ್ತಾರೆ. ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುತ್ತಾರೆ. ನಮ್ಮ ಕಡೆ ಜಾಸ್ತಿ ಅಕ್ಕಿ ತರಿ, ಅದನ್ನು ರುಬ್ಬುವುದಿಲ್ಲ, ಉದ್ದಿನ ಹಿಟ್ಟಿಗೆ ಕಲೆಸುತ್ತಾರೆ. ಬಾಯಲ್ಲಿ ತರಿತರಿ ಸಿಗುತ್ತೆ. ಬೆಂಗಳೂರಿನ ನೀರು ಚಟ್ನಿಗೆ ಆ ತರಿ ಇಡ್ಲಿಯೇ ಸರಿ ಅಂತ ಭಟ್ರ ವಾದ. ತರಿ ಇದ್ದರೆ ಚಟ್ನಿ ಹೀರುತ್ತೆ, ನುಣ್ಣಗಿದ್ದರೆ ಮೇಲಿಂದ ಜಾರಿ ಹೋಗುತ್ತೆ. ಇರಬಹುದು. ಆದರೂ ಬಟ್ಟೆಯಿಂದ ಬಿಡಿಸಿದ ಇಡ್ಲಿ, ಮೇಲೆ ನೇಯ್ಗೆ ಗುರುತು ಇನ್ನೂ ಇರುವಾಗಲೇ ಮುರಿದು ಬಾಯಿಗಿಟ್ಟರೆ ವಾದ ಮರೆತುಹೋಗುತ್ತೆ.

ರವೆ ಇಡ್ಲಿ ಮಾತ್ರ ಭಟ್ರು ಬಿಟ್ಟುಕೊಡೋದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. "ಅಕ್ಕಿ ಇಲ್ದೆ ಇಡ್ಲಿ ಮಾಡಿದ ಊರು ನಮ್ಮದು" ಅಂತ ಭಟ್ರು. "ಅಕ್ಕಿ ಬಂದ್ಮೇಲಾದ್ರೂ ಬಿಡಬಹುದಿತ್ತು" ಅಂತ ಮಾಸ್ಟರ್. ಪ್ರತಿ ಸೀಸನ್ನಿನಲ್ಲೂ ಈ ಮಾತು ಒಮ್ಮೆ ಬರಲೇಬೇಕು.

ಹವೆಯ ಲೆಕ್ಕವೂ ಇದೆ. ಚೆನ್ನೈ ಸಮುದ್ರದ ಮಟ್ಟದಲ್ಲಿದೆ, ಸೆಕೆ ಊರು. ಸಂಜೆ ರುಬ್ಬಿದ ಹಿಟ್ಟು ರಾತ್ರಿ ಮಲಗುವ ಹೊತ್ತಿಗೇ ಪಾತ್ರೆ ಮೀರಿ ಬರುತ್ತೆ. ಅಲ್ಲಿ ಮಾಸ್ಟರ್ ಚಿಂತೆ ಹಿಟ್ಟು ಹುಳಿಯಾಗದಂತೆ ತಡೆಯೋದು. ಹಾಸನ 900 ಮೀಟರಿಗಿಂತ ಎತ್ತರದಲ್ಲಿದೆ. ಡಿಸೆಂಬರಿನಲ್ಲಿ ಬೆಳಗಿನ ಜಾವ ಹಿಟ್ಟಿನ ಪಾತ್ರೆ ತೆಗೆದರೆ ಹಿಂದಿನ ಸಂಜೆ ಹೇಗಿತ್ತೋ ಹಾಗೇ ಇರುತ್ತೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಮಾಸ್ಟರ್ ಮಾಡಿದ ಇಡ್ಲಿ ಕಲ್ಲಾಗಿತ್ತಂತೆ. ಭಟ್ರೇ ಪಾತ್ರೆಗೆ ಗೋಣಿಚೀಲ ಸುತ್ತಿ, ಬಾಯ್ಲರ್ ಪಕ್ಕ ಇಟ್ಟು, ಮೆಂತ್ಯ ಸ್ವಲ್ಪ ಜಾಸ್ತಿ ಹಾಕುವುದನ್ನು ಹೇಳಿಕೊಟ್ಟರಂತೆ. ಈಗಲೂ ಚಳಿಗಾಲದಲ್ಲಿ ನಮ್ಮಲ್ಲಿ ಸಿಗುವ 'ಚೆನ್ನೈ ಇಡ್ಲಿ'ಯಲ್ಲಿ ಕುಂದಾಪುರದ ಬುದ್ಧಿ ಸೇರಿದೆ.

ಅದೇ 2024ರ ಮೇ 18ರ ಪಂದ್ಯ ಆರ್‌ಸಿಬಿಯವರು ಯಾರೂ ಮರೆಯಲ್ಲ. ಚಿನ್ನಸ್ವಾಮಿಯಲ್ಲಿ ಮೂರು ಓವರ್ ಆದ ಮೇಲೆ ಮಳೆ, ಮತ್ತೆ ಆಟ. ಆರ್‌ಸಿಬಿ 218. ಚೆನ್ನೈ ಗೆಲ್ಲಬೇಕಂತಲೇ ಇರಲಿಲ್ಲ, ರನ್ ರೇಟ್ ಲೆಕ್ಕದಲ್ಲಿ 201 ಮುಟ್ಟಿದರೂ ಪ್ಲೇಆಫ್ ಅವರದು. ಕೊನೇ ಓವರಿನಲ್ಲಿ ಅದಕ್ಕೆ 17 ಬೇಕಿತ್ತು. ಯಶ್ ದಯಾಳ್ ಹಾಕಿದ ಮೊದಲ ಎಸೆತವನ್ನು ಧೋನಿ 110 ಮೀಟರ್ ದೂರ ಹೊಡೆದರು. ಅಡುಗೆಮನೆಯಲ್ಲಿ ಮಾಸ್ಟರ್ ಸೌಟು ಬಡಿದ ಸದ್ದಿಗೆ ಗಿರಾಕಿಗಳು ಎದ್ದು ನಿಂತರು. ಮುಂದಿನ ಎಸೆತಕ್ಕೆ ಧೋನಿ ಔಟ್. ಚೆನ್ನೈ 191ಕ್ಕೆ ನಿಂತಿತು. ಭಟ್ರು ಏನೂ ಮಾತಾಡದೆ ಕಾವಲಿ ಉರಿ ಆರಿಸಿ, ಟವೆಲ್ ಹೆಗಲ ಮೇಲೆ ಹಾಕಿಕೊಂಡು, "ನಾಳೆ ಬೆಣ್ಣೆ ಮಸಾಲೆ, ಮಾಸ್ಟ್ರೆ" ಅಂದರು. ಅಷ್ಟೇ.

ಮರುದಿನ ನಾನು ಬೇಗ ಹೋದೆ, ನೋಡಲಿಕ್ಕೇ.

ಬೆಂಗಳೂರು ಮಸಾಲೆ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಗಾತ್ರದಲ್ಲಿ ಚಿಕ್ಕದು, ದಪ್ಪ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಕಡಲೆಬೇಳೆ, ಅವಲಕ್ಕಿ, ಮೆಂತ್ಯ. ಆ ಕಂದು ಬಣ್ಣ ಬರೋದು ಅದರಿಂದ. ಕಾವಲಿ ಚೆನ್ನಾಗಿ ಕಾದಮೇಲೆ ಭಟ್ರು ಒಂದು ಹಿಡಿ ನೀರು ಎರಚುತ್ತಾರೆ. ನೀರು ಚುಂಯ್ ಅಂದು ಮಣಿಮಣಿಯಾಗಿ ಓಡಬೇಕು. ಕಡ್ಡಿ ಪೊರಕೆಯಲ್ಲಿ ಅದನ್ನು ಗುಡಿಸುತ್ತಾರೆ. ಕಸ ಹೋಗಲಿ ಅಂತಲ್ಲ, ಮೇಲ್ಮೈ ಬಿಸಿ ಒಂದು ಗಳಿಗೆ ಇಳಿಯಲಿ ಅಂತ. ಅಷ್ಟರೊಳಗೆ ಹಿಟ್ಟು ಹುಯ್ದು ಸೌಟಿನ ತಳದಲ್ಲಿ ಎಳೆಯಬೇಕು. ತಡವಾದರೆ ಹಿಟ್ಟು ಹಿಡಿದುಕೊಳ್ಳುತ್ತೆ, ಎಳೆದರೆ ಹರಿಯುತ್ತೆ.

ಮಾಸ್ಟರ್ ಎಳೆದರು. ಚೆನ್ನಾಗಿಯೇ ಎಳೆದರು. ಸಮಸ್ಯೆ ಅದೇ. ಅವರ ಕೈ ನಿಲ್ಲಲೇ ಇಲ್ಲ. ಸುತ್ತಿ ಸುತ್ತಿ ಅಂಚಿನವರೆಗೂ ಹೋಗಿ, ಹಿಟ್ಟು ಕಾಗದದಷ್ಟು ತೆಳುವಾಯಿತು. "ಅಯ್ಯೋ ನಿಲ್ಸಿ ಮಾರಾಯ್ರೆ, ಬೆಂಗ್ಳೂರಿಂದ ಶ್ರೀಪೆರಂಬದೂರಿಗೇ ಹೋದ್ರಲ್ಲ" ಅಂತ ಭಟ್ರು ಕೂಗಿದರು. ಎರಡನೆಯದು ಸರಿಯಾಯಿತು. ಬೆಣ್ಣೆ ಬಿತ್ತು, ಕೆಂಪು ಚಟ್ನಿ ಸವರಿದ್ದಾಯಿತು, ಪಲ್ಯ ಇಟ್ಟು ಮಡಚಿದ್ದಾಯಿತು. ಭಟ್ರು ಬೆರಳ ತುದಿಯಿಂದ ಅಂಚು ಮುರಿದು ಕಿವಿ ಹತ್ತಿರ ಹಿಡಿದರು. ಮುರಿದ ಸದ್ದು ಕೇಳಿ, ಮಧ್ಯಭಾಗ ಒತ್ತಿ ನೋಡಿ, "ಆಗ್ತದೆ" ಅಂದರು. ಕುಂದಾಪುರದವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಇಲ್ಲೂ ಮಾಸ್ಟರ್ ಹೇಳಿದ ಬಡಿಸುವ ಲೆಕ್ಕ ಕೂಡಿ ಬರುತ್ತೆ. ತೆಳ್ಳನೆ ಉದ್ದನೆ ದೋಸೆಗೆ ಟೇಬಲ್ ಬೇಕು, ಸುತ್ತ ಮೂರು ನಾಲ್ಕು ಚಟ್ನಿ ಬೇಕು, ಕೂರಲು ಪುರುಸೊತ್ತು ಬೇಕು. ನಿಂತು ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಮುರಿಯಬೇಕು ಅಂದ್ರೆ ದೋಸೆ ತಟ್ಟೆಯೊಳಗೇ ಇರಬೇಕು, ಚಟ್ನಿ ದೋಸೆಯೊಳಗೇ ಇರಬೇಕು. ಹಾಗಂತ ಕೆಂಪು ಚಟ್ನಿ ದರ್ಶಿನಿಗಳು ಹುಟ್ಟುವ ಮೊದಲೇ ಇತ್ತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಅಲ್ಲಿ ಇವತ್ತಿಗೂ ಕೂತೇ ತಿನ್ನೋದು. ಹಾಗಾಗಿ ಈ ಸಿದ್ಧಾಂತವನ್ನು ಜಾಸ್ತಿ ಎಳೆಯಬಾರದು, ಎಳೆದರೆ ಇದೂ ಹರಿಯುತ್ತೆ.

ಇನ್ನೊಂದು ವಿಷಯ ಇಬ್ಬರೂ ಒಪ್ಪುತ್ತಾರೆ, ಆದರೆ ಅಭಿಮಾನಿಗಳಿಗೆ ಹೇಳಿದರೆ ನಂಬಲ್ಲ. ಚೆನ್ನೈನ ತಿಂಡಿ ಹೋಟೆಲ್‌ಗಳನ್ನು ಕಟ್ಟಿದವರಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು. ಉಡುಪಿ ಕಡೆಯಿಂದ ಹೋದ ಕೆ. ಕೃಷ್ಣರಾಯರು 1930ರ ದಶಕದಲ್ಲಿ ಆಗಿನ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ದಾಸಪ್ರಕಾಶದ ಸೀತಾರಾಮ ರಾಯರೂ ಕರಾವಳಿಯವರು. ಇತ್ತ ಬೆಂಗಳೂರಿನಲ್ಲಿ 1924ರಲ್ಲಿ ಎಂಟಿಆರ್ ಶುರು ಮಾಡಿದ ಮೈಯರೂ ಅದೇ ಕಡೆಯವರು, ಪಾರಂಪಳ್ಳಿಯವರು. ಒಂದೇ ಕಡಲ ದಂಡೆಯಿಂದ ಹೊರಟ ಜನ ಎರಡು ಊರಿಗೆ ಹಂಚಿಹೋದರು. ಒಂದು ಊರಿನ ಗಿರಾಕಿ ಬೆಲ್ಲ ಬೇಡ ಅಂದರು, ತೆಗೆದರು. ಇನ್ನೊಂದು ಊರಿನವರು ಇರಲಿ ಅಂದರು, ಬಿಟ್ಟರು. ಭಟ್ರು ಇದನ್ನು ಹೇಳುವಾಗ ಎರಡೂ ತಂಡದ ಮಾಲೀಕರು ತಾವೇ ಅನ್ನೋ ಗತ್ತು ಬರುತ್ತೆ.

ಬಿರಿಯಾನಿ ವಿಷಯ ನಮ್ಮ ಅಡುಗೆಮನೆಯದಲ್ಲ, ನಮ್ಮದು ಸಸ್ಯಾಹಾರಿ ಹೋಟೆಲ್. ಆದರೂ ಒಂದು ಮಾತು. ಬೆಂಗಳೂರಿನ ದೊನ್ನೆ ಬಿರಿಯಾನಿ ನಮ್ಮ ಹೆಮ್ಮೆ ಅಂತ ಎದೆ ಉಬ್ಬಿಸುವವರು ಆ ಸಣ್ಣ ಅಕ್ಕಿ ಯಾವುದು ಅಂತ ಕೇಳಿ ನೋಡಲಿ. ಜೀರಿಗೆ ಸಾಂಬಾ. ಅದು ತಮಿಳುನಾಡಿನದು.

ಇನ್ನು ಕಾಫಿ. ಇಲ್ಲಿ ಹಾಸನದವರಾದ ನಮಗೆ ಮಾತಾಡುವ ಹಕ್ಕು ಬರುತ್ತೆ.

ಐಪಿಎಲ್ ಶುರುವಾಗುವ ಹೊತ್ತು ಸಕಲೇಶಪುರ, ಆಲೂರು, ಬೇಲೂರಿನ ತೋಟದವರಿಗೆ ಹೂಮಳೆಯ ಚಿಂತೆಯ ಹೊತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತೆ. ಆಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಕಟ್ಟುತ್ತೆ. ಸಕಲೇಶಪುರದ ಕಡೆ ತೋಟ ಇರುವ ನಮ್ಮ ಭಾವ ಮ್ಯಾಚ್ ನೋಡುವಾಗ ಸ್ಕೋರಿಗಿಂತ ಮೋಡ ನೋಡುವುದೇ ಜಾಸ್ತಿ. ಚಿನ್ನಸ್ವಾಮಿಯಲ್ಲಿ ಮಳೆ ಬಂದು ಆಟ ನಿಂತರೆ ಎಲ್ಲರೂ ತಲೆ ಚಚ್ಚಿಕೊಳ್ಳುವಾಗ ಅವರು ಮನೆಗೆ ಫೋನ್ ಮಾಡಿ, ಅಲ್ಲಿ ಬಿತ್ತಾ ಅಂತ ಕೇಳುತ್ತಾರೆ.

ಅವರು ಹೋಟೆಲಿಗೆ ಬಂದಾಗಲೆಲ್ಲ ಭಟ್ರು, ಮಾಸ್ಟರ್ ಇಬ್ಬರೂ ಒಂದಾಗಿ ಅವರ ಮೇಲೆ ಬೀಳುತ್ತಾರೆ. ಭಟ್ರಿಗೆ ಬೆಂಗಳೂರಿನ ಬೈ ಟು ಕಾಫಿ: ಚಿಕ್ಕ ಲೋಟ, ನೊರೆ, ಡಿಕಾಕ್ಷನ್ ಸ್ವಲ್ಪ ಮುಂದೆ. ಮಾಸ್ಟರಿಗೆ ಡಬರಾ ಲೋಟ, ಗಟ್ಟಿ ಹಾಲು, ಕುಂಭಕೋಣಂ ಡಿಗ್ರಿ ಕಾಫಿಯ ಮಹಿಮೆ. ಭಾವ ಎರಡನ್ನೂ ಕಾಫಿ ಅಂತ ಒಪ್ಪಲ್ಲ. ತೋಟದ ಮನೆಗಳಲ್ಲಿ ಚಿಕೋರಿ ಬೆರೆಸೋದಿಲ್ಲ. ಹೋಟೆಲ್ ಪುಡಿಯಲ್ಲಿ ಅದಿಲ್ಲದೆ ನಡೆಯಲ್ಲ. ಚಿಕೋರಿ ಡಿಕಾಕ್ಷನ್‌ಗೆ ಬಣ್ಣ ಕೊಡುತ್ತೆ, ಮಂದ ಮಾಡುತ್ತೆ, ಹಾಲು ಎಷ್ಟು ಸುರಿದರೂ ಕಹಿ ಉಳಿಸುತ್ತೆ. ಖರ್ಚೂ ಕಡಿಮೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಭಾಗ ಇರಬೇಕು ಅಂತ ನಿಯಮವಿದೆ. ಅಂದ್ರೆ ಉಳಿದ 49 ಭಾಗ ಚಿಕೋರಿ ಹಾಕಿದರೂ ಅದನ್ನು ಮಾರಬಹುದು. ಪ್ಯಾಕೆಟ್ ಮೇಲೆ ಬರೆದಿರುತ್ತೆ, ನಾವು ಓದಲ್ಲ ಅಷ್ಟೆ.

"ಬೆಂಗಳೂರು ಕಾಫಿ, ಚೆನ್ನೈ ಕಾಫಿ ಅಂತ ಯಾವುದೂ ಇಲ್ಲ. ಕಾಫಿ ನಮ್ದು, ಹಾಲು ಅವರದು" ಅಂತ ಭಾವ ಒಂದೇ ಏಟಿಗೆ ಮುಗಿಸುತ್ತಾರೆ. ಮಾತು ಉಡಾಫೆ ಅನಿಸಿದರೂ ಪೂರ್ತಿ ಸುಳ್ಳಲ್ಲ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಭಾಗ ಕರ್ನಾಟಕದ್ದು, ಅದರಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನ ಮೂರೇ ಜಿಲ್ಲೆ. ಚೆನ್ನೈನ ಕಾಫಿ ಪುಡಿ ಅಂಗಡಿಯವರು ಪ್ಲಾಂಟೇಷನ್ ಎ, ಪೀಬೆರಿ ಅಂತ ದರ್ಜೆ ಹೇಳಿ ಡಬ್ಬಿ ತೋರಿಸಿ ಮಾರುವ ಬೀಜಕ್ಕೂ ಇದೇ ಘಟ್ಟದ ನಂಟು. "ಹಂಗಾರೆ ಚಿಕೋರಿ ಯಾರದ್ದು?" ಅಂತ ಭಟ್ರು ಕೇಳಿದರು. ಗುಜರಾತ್, ಉತ್ತರ ಪ್ರದೇಶದ ಕಡೆಯಿಂದ ಬರುತ್ತೆ ಅಂದೆ. "ಹೋ, ಗುಜರಾತ್ ಟೈಟನ್ಸ್ ತಂಡವೂ ಲೋಟದಲ್ಲುಂಟಾ?"

2025ರಲ್ಲಿ ಮಾಸ್ಟರಿಗೆ ಪೂರಾ ಕಷ್ಟಕಾಲ. ಮಾರ್ಚ್ 28ರಂದು ಆರ್‌ಸಿಬಿ ಚೆಪಾಕ್‌ನಲ್ಲೇ 50 ರನ್ನಿನಿಂದ ಗೆದ್ದಿತು. 2008ರ ನಂತರ ಅಲ್ಲಿ ಚೆನ್ನೈ ವಿರುದ್ಧ ಅದೇ ಮೊದಲ ಗೆಲುವು. ಮೇ 3ರಂದು ಚಿನ್ನಸ್ವಾಮಿಯಲ್ಲಿ 2 ರನ್ನಿನ ಗೆಲುವು. ಎರಡೂ ಸಲ ದೋಸೆ ಮಾಸ್ಟರದ್ದೇ. ಎರಡನೇ ಸಲ ಭಟ್ರು ಪಕ್ಕದಲ್ಲಿ ನಿಲ್ಲಲೂ ಇಲ್ಲ, ಹೊರಗೆ ಪೇಪರ್ ಓದುತ್ತಾ ಕೂತಿದ್ದರು.

ಫೈನಲ್ ಮಾತ್ರ ಇಬ್ಬರೂ ಒಂದೇ ಪಕ್ಷದಲ್ಲಿ ನೋಡಿದರು, ಏಕೆಂದರೆ ಎದುರಿಗಿದ್ದದ್ದು ಪಂಜಾಬ್. ಇಲ್ಲಿ ಹಾಸನದವರಿಗೆ ಬೇರೆಯವರಿಗಿಲ್ಲದ ಒಂದು ಫಜೀತಿ ಇತ್ತು. ನಮ್ಮ ಮಸಾಲೆ ದೋಸೆ ಪಲ್ಯದ ಬೇರು ಪಂಜಾಬಿನಲ್ಲಿದೆ. ಹಾಸನದ ರೈತರು ಮೇ, ಜೂನ್‌ನಲ್ಲಿ ಹಾಕುವ ಬಿತ್ತನೆ ಆಲೂಗಡ್ಡೆ ಜಲಂಧರ್ ಕಡೆಯಿಂದ ಬರುತ್ತೆ. ಲಾರಿಗಟ್ಟಲೆ ಬಂದು ಎಪಿಎಂಸಿಯಲ್ಲಿ ಇಳಿಯುತ್ತೆ, ಕುಫ್ರಿ ಜ್ಯೋತಿ ತಳಿಯೇ ಜಾಸ್ತಿ. ಜೂನ್ 3ರಂದು ಅಹಮದಾಬಾದಿನಲ್ಲಿ ಫೈನಲ್ ನಡೆಯುವಾಗ ಆ ಗೆಡ್ಡೆಗಳು ನಮ್ಮ ಹೊಲಗಳಿಗೆ ಸೇರಿದ್ದವು. ಆರ್‌ಸಿಬಿ 6 ರನ್ನಿನಿಂದ ಗೆದ್ದು ಮೊದಲ ಸಲ ಕಪ್ ಎತ್ತಿತು. ಚಿಕ್ಕಪ್ಪ ಅವತ್ತು ಎಲ್ಲರಿಗೂ ಕಾಫಿ ಪುಕ್ಕಟೆ ಕೊಟ್ಟರು. ಅವರ ಜನ್ಮದಲ್ಲೇ ಅದು ದೊಡ್ಡ ಸುದ್ದಿ. ಮರುದಿನ ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಸಂಭ್ರಮದ ಮಾತು ಅಲ್ಲಿಗೆ ನಿಂತಿತು. ಆಮೇಲೆ ಕೆಲವು ದಿನ ಅಡುಗೆಮನೆಯಲ್ಲಿ ಕ್ರಿಕೆಟ್ ಯಾರೂ ಎತ್ತಲಿಲ್ಲ.

ಆಲೂಗಡ್ಡೆ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತೆ. ಪಲ್ಯ ಸಿಹಿಯಾಗುತ್ತೆ, ಬೋಂಡಾ ಬೇಗ ಕಪ್ಪಾಗುತ್ತೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಹೊಸ ಆಲೂಗಡ್ಡೆ ಕಟ್ಟಿನಕೆರೆ ಮಾರುಕಟ್ಟೆಗೆ ಬಂದಾಗ ಭಟ್ರು ತಾವೇ ಹೋಗಿ ಆರಿಸಿ ತರುತ್ತಾರೆ. ಉಗುರಲ್ಲಿ ಸಿಪ್ಪೆ ಕೆರೆದು ನೋಡುತ್ತಾರೆ. ಬೆಂದಮೇಲೆ ಕೈಯಲ್ಲಿ ಒತ್ತಿದರೆ ಪುಡಿಯಾಗಬೇಕು, ಅಂಟಬಾರದು. ಅಂಗಮಾರಿ ರೋಗ ಬಿದ್ದ ಮೇಲೆ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳ, ಶುಂಠಿಗೆ ಹೋದರು. ಮೊದಲಿನಷ್ಟು ಮಾಲು ಈಗ ಬರಲ್ಲ. ಬೆಂಗಳೂರು ದೋಸೆ ಮೇಲಾ, ಚೆನ್ನೈ ದೋಸೆ ಮೇಲಾ ಅಂತ ಕೇಳಿದರೆ ಭಟ್ರು ಸೆಪ್ಟೆಂಬರಿನ ದೋಸೆ ಮೇಲು ಅಂತಾರೆ.

ಕಾಫಿ ನಮ್ಮದು, ಆಲೂಗಡ್ಡೆ ನಮ್ಮದು, ಶುಂಠಿ ನಮ್ಮದು. ಆದರೆ ನಮ್ಮ ಹೋಟೆಲಿನ ಬೋರ್ಡ್ ಮೇಲೆ ನಮ್ಮದು ಅನ್ನೋ ತಿಂಡಿ ಒಂದೂ ಇರಲಿಲ್ಲ. ನಮ್ಮದಷ್ಟೇ ಅಲ್ಲ, ಈ ರಸ್ತೆಯ ಬಹಳಷ್ಟು ಹೋಟೆಲ್‌ಗಳ ಕತೆ ಇದೇ. ಬೆಂಗಳೂರು ಸ್ಟೈಲ್, ಉಡುಪಿ ಸ್ಟೈಲ್, ದಾವಣಗೆರೆ ಬೆಣ್ಣೆ, ಮದ್ದೂರು ವಡೆ ಎಲ್ಲ ಇದೆ. ಹಾಸನದಲ್ಲಿ ಹಾಸನ ಸ್ಟೈಲ್ ಅಂತ ಏನೂ ಇಲ್ಲ. ಇದು ನನ್ನನ್ನು ಕಾಡುತ್ತಿತ್ತು. ತಂಡ ಇಲ್ಲ ಅಂದ್ರೆ ಪರವಾಗಿಲ್ಲ. ತಿಂಡಿಯೂ ಇಲ್ವಾ?

ಮನೆಗಳಲ್ಲಿ ಇಲ್ಲದೇ ಏನು. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಮುದ್ದೆ, ಬಸ್ಸಾರು, ಅವರೆಕಾಳು ಕಾಲದಲ್ಲಿ ಹಿತಕಿದ ಬೇಳೆ. ಸಕಲೇಶಪುರದ ಕಡೆ ಅಕ್ಕಿ ರೊಟ್ಟಿ, ಕಡುಬು, ಮಳೆಗಾಲ ಬಂದರೆ ಕಳಲೆ, ಅಣಬೆ. ಒಂದೇ ಜಿಲ್ಲೆಯಲ್ಲಿ ಬಯಲು ಸೀಮೆ ಒಂದು ಪಕ್ಕ, ಮಲೆನಾಡು ಇನ್ನೊಂದು ಪಕ್ಕ. ಇದನ್ನೆಲ್ಲ ಯಾಕೆ ಮಾಡಬಾರದು ಅಂತ ಒಂದು ದಿನ ಇಬ್ಬರನ್ನೂ ಕೇಳಿದೆ. ಅಭಿಮಾನದ ಉತ್ತರ ನಿರೀಕ್ಷಿಸಿದ್ದೆ. ಸಿಕ್ಕಿದ್ದು ಲೆಕ್ಕ.

ಮುದ್ದೆ ತಿರುವಿದ ತಕ್ಷಣ ತಟ್ಟೆಗೆ ಬೀಳಬೇಕು, ಕೂತು ತಿನ್ನಬೇಕು, ಜೊತೆಗೆ ಸಾರು ಮತ್ತೆ ಮತ್ತೆ ಬೇಕು. ಮಧ್ಯಾಹ್ನ ಆದರೆ ನಡೆದೀತು, ಬೆಳಿಗ್ಗೆ ಬಸ್ಸಿಳಿದು ಬರುವವರು ಕೇಳಲ್ಲ. ಅಕ್ಕಿ ರೊಟ್ಟಿ ಇನ್ನೂ ಕಷ್ಟ. ಬಿಸಿನೀರಲ್ಲಿ ಬೇಯಿಸಿ ನಾದಿದ ಹಿಟ್ಟು, ಒಂದೊಂದನ್ನೂ ಕೈಯಲ್ಲೇ ತಟ್ಟಬೇಕು, ಕಾವಲಿ ಮೇಲೆ ಸುಟ್ಟು ಕೆಂಡದ ಮೇಲೆ ಉಬ್ಬಿಸಬೇಕು. ಒಂದು ರೊಟ್ಟಿ ಬೇಯುವ ಹೊತ್ತಿಗೆ ಭಟ್ರ ದೊಡ್ಡ ಕಾವಲಿಯಲ್ಲಿ ಒಂದು ಸಾಲು ದೋಸೆ ಎದ್ದಿರುತ್ತೆ. "ದೋಸೆ ಹಿಟ್ಟು ರಾತ್ರಿಯಿಡೀ ತಾನೇ ಕೆಲ್ಸ ಮಾಡ್ತದೆ. ರೊಟ್ಟಿಗೆ ನೀವೇ ಮಾಡ್ಬೇಕು" ಅಂದರು ಭಟ್ರು. ಚೆನ್ನೈ, ಬೆಂಗಳೂರು ಎರಡೂ ಊರಿನ ತಿಂಡಿ ಹೋಟೆಲಿಗೆ ಒಗ್ಗಿದ್ದು ಹಿಟ್ಟು ಹುದುಗುವುದರಿಂದ. ನಮ್ಮ ಅಡುಗೆಯ ತುಂಬಾ ಭಾಗ ಮನೆಯ ಹೆಂಗಸರ ಕೈಬಲದ ಮೇಲೆ ನಿಂತಿದೆ. ಅದಕ್ಕೆ ಸಂಬಳ ಕೊಟ್ಟು ಬೋರ್ಡಿಗೆ ಬೆಲೆ ಬರೆದು ನೋಡಿ, ಗಿರಾಕಿ ಹುಬ್ಬೇರಿಸುತ್ತಾನೆ. ರೊಟ್ಟಿಗೆ ಇಷ್ಟಾ? ಮನೇಲಿ ಅಮ್ಮ ಪುಕ್ಕಟೆ ಮಾಡ್ತಾರೆ ಅನ್ನೋದು ಅವನ ಮನಸ್ಸಿನಲ್ಲಿರುವ ರೇಟು.

ಇದನ್ನೆಲ್ಲ ಕೇಳಿದ ಮೇಲೂ ನಾನು ಬಿಡಲಿಲ್ಲ. ಮಾಸ್ಟರಿಗೆ ಊರಿನ ಅಭಿಮಾನ ಸ್ವಲ್ಪ ಕೆಣಕಿದೆ, ಭಟ್ರಿಗೆ ಸವಾಲು ಹಾಕಿದೆ. ಭಾವನ ತೋಟದ ಕೆಲಸದವರ ಲೈನ್ ಮನೆಗಳಿಂದ ರೊಟ್ಟಿ ತಟ್ಟುವ ಒಬ್ಬ ಅಕ್ಕ ವಾರಕ್ಕೊಮ್ಮೆ ಬರಲು ಒಪ್ಪಿದರು, ಅವರ ಕೂಲಿ ಅವರೇ ಹೇಳಿದರು, ಚಿಕ್ಕಪ್ಪ ಚೌಕಾಸಿ ಮಾಡದಂತೆ ನಾನು ಕಾವಲಿದ್ದೆ. ಹುಚ್ಚೆಳ್ಳು ಚಟ್ನಿ ಮಾಸ್ಟರ್ ಮಾಡುತ್ತಾರೆ, ಅವರಮ್ಮ ಮಾಡುತ್ತಿದ್ದ ಹಾಗೆ. ಭಟ್ರು ಆ ಅಕ್ಕನ ಪಕ್ಕ ನಿಂತು ಕಲಿಯುತ್ತಿದ್ದಾರೆ. ಮೊದಮೊದಲು ಅವರು ತಟ್ಟಿದ ರೊಟ್ಟಿ ದೋಸೆ ಅಳತೆಗೇ ನಿಲ್ಲುತ್ತಿತ್ತು. "ಭಟ್ರೆ, ಬೆಂಗಳೂರು ಬಿಟ್ಟು ಈಚೆ ಬನ್ನಿ" ಅಂತ ಮಾಸ್ಟರ್ ಸೇಡು ತೀರಿಸಿಕೊಂಡರು.

ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ಮಾತ್ರ ನಮ್ಮಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇದೆ. ಕೂತೇ ತಿನ್ನಬೇಕು, ಬಿಸಿ ಇರುವಾಗಲೇ ತಿನ್ನಬೇಕು, ಪಾರ್ಸಲ್ ಕೊಡೋದಿಲ್ಲ. ಹತ್ತು ಗಂಟೆಯೊಳಗೆ ಬಂದರೆ ಸಿಗುತ್ತೆ. ಜೊತೆಗೆ ಸಾಂಬಾರ್ ಮಾತ್ರ ಕೇಳಬೇಡಿ. ಯಾರ ಸಾಂಬಾರ್ ಅಂತ ಮತ್ತೆ ಶುರುವಾಗುತ್ತೆ.